ಋತುಬಂಧ: ನಿಲ್ಲುವುದು ಬೇರೆ, ನಿಂತದ್ದು ಬೇರೆ

'ಋತುಬಂಧದಿಂದ ಬಳಲುತ್ತಿರುವ ಮಹಿಳೆಯರು ಈ ಆಹಾರ ಸೇವಿಸಿದರೆ ಗುಣಮುಖರಾಗಬಹುದು.' ಆರೋಗ್ಯ ಪುರವಣಿಗಳಲ್ಲಿ ಈ ವಾಕ್ಯ ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಈ ವಾರ ಮತ್ತೆ ಬಿತ್ತು.

ಋತುಬಂಧ ಕಾಯಿಲೆಯಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಅದೊಂದು ಅವಧಿಯೂ ಅಲ್ಲ. ಸತತ 12 ತಿಂಗಳು ಮುಟ್ಟು ಕಾಣದಿದ್ದರೆ, ಹಿಂದಿನ ಆ ಕೊನೆಯ ಮುಟ್ಟೇ ಋತುಬಂಧ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅಂದರೆ ಅದು ನಡೆದು ವರ್ಷವಾದ ಮೇಲಷ್ಟೇ ಗೊತ್ತಾಗುವ ಸಂಗತಿ. ನಮ್ಮ ದೇಶದಲ್ಲಿ ಇದು ಸರಾಸರಿ 46–47ರ ವಯಸ್ಸಿನಲ್ಲಿ ಆಗುತ್ತದೆ. ಮೈ ಬಿಸಿಯೇರುವುದು, ನಡುರಾತ್ರಿ ಬೆವತು ಎಚ್ಚರವಾಗುವುದು, ಮುಟ್ಟು ಹಿಂದುಮುಂದಾಗುವುದು ಇವೆಲ್ಲ ಸಾಮಾನ್ಯವಾಗಿ ಅದಕ್ಕೆ ಕೆಲವು ವರ್ಷ ಮೊದಲೇ ಆರಂಭವಾಗುತ್ತವೆ.

ಗೊಂದಲಕ್ಕೆ ಪದವೂ ಸ್ವಲ್ಪ ಹೊಣೆ. 'ಋತು' ಎಂದರೆ ಸ್ರಾವ ಎಂದು ನಾವು ಅಂದುಕೊಂಡಿದ್ದೇವೆ. ಸಂಸ್ಕೃತದಲ್ಲಿ ಅದು ಮೂಲತಃ ತಕ್ಕ ಕಾಲ, ಹಂಗಾಮು. ಹೆಣ್ಣಿನ ವಿಷಯಕ್ಕೆ ಬಂದಾಗ ಗರ್ಭ ನಿಲ್ಲಲು ತಕ್ಕ ದಿನಗಳು. ಸ್ರಾವಕ್ಕೆ ಇದ್ದ ಮಾತು 'ರಜಸ್ಸು'. 'ಬಂಧ'ದ ಕಥೆ ಇನ್ನೂ ತೊಡಕಿನದು. ಅದರ ಮೂಲಾರ್ಥ ಕಟ್ಟುವುದು, ಬಿಗಿಯುವುದು. ಕಟ್ಟಿದ್ದನ್ನು ಬಿಚ್ಚಬಹುದು, ಮಲಬದ್ಧತೆಗೆ ಮದ್ದು ಕೊಟ್ಟರೆ ಸಡಿಲವಾಗುತ್ತದೆ. ಹಾಗಾಗಿ ಋತುಬಂಧವೂ ಎಲ್ಲೋ ಏನೋ ಕಟ್ಟಿಕೊಂಡ ತೊಂದರೆ, ಬಿಡಿಸಿದರೆ ಸರಿಹೋಗುತ್ತದೆ ಎಂಬ ಭಾವ ಪದದೊಳಗೇ ಸೇರಿಕೊಂಡಿದೆ. ಸುಶ್ರುತ ಸಂಹಿತೆ ಬಳಸುವ ಮಾತು ಇದಕ್ಕಿಂತ ಹದವಾದದ್ದು: ಹನ್ನೆರಡರ ಸುಮಾರಿಗೆ ಆರಂಭವಾದ ರಜಸ್ಸು ಐವತ್ತರ ಹೊತ್ತಿಗೆ 'ಕ್ಷಯ'ಕ್ಕೆ ಹೋಗುತ್ತದೆ. ಕಟ್ಟಿಕೊಳ್ಳುವುದಲ್ಲ, ಸವೆದು ತೀರುವುದು. ಫ್ರೆಂಚ್ ವೈದ್ಯ ಗಾರ್ದಾನ್ 1821ರಲ್ಲಿ ಬಳಕೆಗೆ ತಂದ 'ಮೆನೋಪಾಸ್' ಗ್ರೀಕಿನ ತಿಂಗಳು ಮತ್ತು ನಿಲುಗಡೆ ಎಂಬ ಎರಡು ಪದಗಳಿಂದ ಆದದ್ದು.

ನನ್ನನ್ನು ಕೇಳಿದರೆ, ಈ ಎಲ್ಲ ಪಂಡಿತ ಪದಗಳಿಗಿಂತ ಮನೆಯ ಮಾತೇ ಚೊಕ್ಕ. 'ಮುಟ್ಟು ನಿಲ್ಲುವ ಕಾಲ', 'ಮುಟ್ಟು ನಿಂತ ಮೇಲೆ' ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ನಿಲ್ಲುವ, ನಿಂತ: ಒಂದೇ ಕ್ರಿಯಾಪದದ ಎರಡು ರೂಪಗಳು, ಎರಡು ಬೇರೆ ಹಂತಗಳು. ಎರಡನ್ನೂ 'ಋತುಬಂಧ'ದ ಒಂದೇ ಚೀಲಕ್ಕೆ ತುಂಬಿದ್ದರಿಂದ ಸಲಹೆಗಳೂ ಕಲಸುಮೇಲೋಗರವಾಗಿವೆ.

ನಿಲ್ಲುವ ಕಾಲದಲ್ಲಿ ಕೆಲವರಿಗೆ ಸ್ರಾವ ವಿಪರೀತವಾಗುತ್ತದೆ, ರಕ್ತಹೀನತೆ ಕಾಡುತ್ತದೆ. ಅವರಿಗೆ ಮೊದಲು ಬೇಕಾದದ್ದು ವೈದ್ಯರ ತಪಾಸಣೆ ಮತ್ತು ಕಬ್ಬಿಣದ ಅಂಶ: ಹುರುಳಿ, ಸೊಪ್ಪು, ತಿನ್ನುವವರಾದರೆ ಮಾಂಸ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಊಟ ಮುಗಿದ ಕೂಡಲೇ ಕಾಫಿ ಕುಡಿಯಬೇಡಿ, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಈ ಕಾಲದಲ್ಲಿ ಮುಟ್ಟು ಮೂರು ತಿಂಗಳು ತಪ್ಪಿದರೂ ಗರ್ಭ ನಿಲ್ಲಬಹುದು ಎಂಬುದನ್ನು ಮರೆಯಬಾರದು. ಮೈ ಬಿಸಿಯೇರುವುದನ್ನು ವ್ಯಾಯಾಮ ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ತೂಕ ಹೆಚ್ಚಿರುವವರು ಇಳಿಸಿದರೆ ಅದು ತಗ್ಗಬಹುದು. ತೀವ್ರವಾಗಿದ್ದರೆ ಔಷಧವಿದೆ, ಸಹಿಸಿಕೊಂಡು ಕೂರಬೇಕಿಲ್ಲ.

ನಿಂತ ಮೇಲಿನ ಮಾತು ಮುಖ್ಯವಾಗಿ ಮೂಳೆ ಮತ್ತು ಹೃದಯದ್ದು. ಮೂಳೆ ಕರಗುವ ವೇಗಕ್ಕೆ ಕಡಿವಾಣ ಹಾಕುತ್ತಿದ್ದ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದುಹೋಗಿರುತ್ತದೆ. ಮೊದಲ ಕೆಲವು ವರ್ಷಗಳಲ್ಲೇ ಸವೆತ ಜೋರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 'ರಾಗಿ ತಿನ್ನುತ್ತೇನಲ್ಲ' ಎನ್ನುವವರು ಬಹಳ. ರಾಗಿ ಒಳ್ಳೆಯದೇ. ಆದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ, ಅದೂ ಪೂರ್ತಿ ದಕ್ಕುವುದಿಲ್ಲ. ಮೊಳಕೆ ಕಟ್ಟಿಸಿದರೆ ಸ್ವಲ್ಪ ಹೆಚ್ಚು ದಕ್ಕುತ್ತದೆ. ಜೊತೆಗೆ ಮೊಸರು, ಎಳ್ಳು, ನುಗ್ಗೆಸೊಪ್ಪು ಇರಲಿ. ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಬೇಳೆ, ಕಾಳು ಹೆಚ್ಚಾಗಲಿ. ಮೂಳೆಯ ಜೊತೆ ಸ್ನಾಯುವೂ ಕರಗುತ್ತಿರುತ್ತದೆ, ಅದಕ್ಕೆ ಬೇಳೆಕಾಳಿನ ಪ್ರೋಟೀನ್ ಬೇಕು.

'ಮನೆಗೆಲಸವೇ ವ್ಯಾಯಾಮ' ಎಂಬ ಮಾತನ್ನು ದಯವಿಟ್ಟು ನಿಲ್ಲಿಸಬೇಕು. ಮನೆಗೆಲಸ ದಣಿಸುತ್ತದೆ, ನಿಜ. ಮೂಳೆ ಗಟ್ಟಿಯಾಗಿ ಉಳಿಯಲು ಅದರ ಮೇಲೆ ಭಾರ ಬೀಳಬೇಕು, ಆ ಭಾರ ನಿಧಾನವಾಗಿ ಏರುತ್ತಲೂ ಹೋಗಬೇಕು: ಮೆಟ್ಟಿಲು ಹತ್ತುವುದು, ಬಿರುಸಿನ ನಡಿಗೆ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು.

ಪದದ ಬಗ್ಗೆ ಇಷ್ಟು ಹಟ ಏಕೆಂದರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗಲೂ 'ಋತುಬಂಧದಲ್ಲಿ ಹಾಗೆಲ್ಲ ಆಗುತ್ತದೆ, ಬಿಡಿ' ಎಂದು ಸುಮ್ಮನಾಗುವವರಿದ್ದಾರೆ. ಆಗುವುದಿಲ್ಲ. ನಿಂತ ಮೇಲೆ ಕಾಣುವ ರಕ್ತ ಮುಟ್ಟಲ್ಲ; ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ಒಂದೇ ಹನಿಯಾದರೂ ಸರಿ, ಅದೇ ವಾರ ವೈದ್ಯರ ಬಳಿ ಹೋಗಬೇಕು.