ಬಾವುಟವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ

ಹೋದ ವರ್ಷ ಆಗಸ್ಟ್ ಮೊದಲ ವಾರ ಪರಿಚಯದ ಹೆಡ್‌ಮಾಸ್ಟರ್ ಒಬ್ಬರು ಹೊಸ ಬಾವುಟ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಸರ್, ಚಕ್ರ ಯಾಕೋ ಕಲಸಿದ ಹಾಗೆ ಕಾಣುತ್ತೆ, ಬಣ್ಣ ಬಿಡ್ತಿದೆಯಾ ನೋಡಿ" ಅಂದರು. ಬಟ್ಟೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿದೆ, ಬಣ್ಣ ಬಿಡಲಿಲ್ಲ. ಆಮೇಲೆ ಕಿಟಕಿ ಹತ್ತಿರ ಎತ್ತಿ ಹಿಡಿದೆ. ಹಿಂಬದಿಯ ಚಕ್ರ ಒಂಚೂರು ತಿರುಗಿ ಕೂತಿತ್ತು. ಚಕ್ರದ ಕಡ್ಡಿಗಳು, ಅಂದರೆ ಅರಗಳು, 24 ಇರಬೇಕಾದ ಕಡೆ ಎರಡೂ ಬದಿಯದು ಸೇರಿ ಎಣಿಸಿದರೆ 48!

ಚಿಕ್ಕ ತಪ್ಪು ಅನ್ನಿಸಬಹುದು. ಆದರೆ ನಮ್ಮ ಬಾವುಟದಲ್ಲಿ ಈ ಚಕ್ರ ಬಂದದ್ದೇ ಎರಡೂ ಬದಿಯಿಂದ ಒಂದೇ ಥರ ಕಾಣಲಿ ಅಂತ.

1931ರಲ್ಲಿ ಕಾಂಗ್ರೆಸ್ ಒಪ್ಪಿಕೊಂಡ ಕೇಸರಿ, ಬಿಳಿ, ಹಸಿರು ಬಾವುಟದ ನಡುವೆ ರಾಟೆ ಇತ್ತು. ಅದಕ್ಕೂ ಹಿಂದೆ, 1921ರಲ್ಲಿ, ವಿಜಯವಾಡದಲ್ಲಿ ಪಿಂಗಳಿ ವೆಂಕಯ್ಯ ಅವರು ಗಾಂಧೀಜಿಗೆ ಒಂದು ಬಾವುಟದ ವಿನ್ಯಾಸ ಕೊಟ್ಟಿದ್ದರು. ಗಾಂಧೀಜಿಗೆ ರಾಟೆ ಅಂದರೆ ಬಡವರ ದುಡಿಮೆ. ಹಾಗಾದರೆ 1947ರ ಜುಲೈ 22ರಂದು ಅದು ಯಾಕೆ ಹೋಯಿತು? ಸಂವಿಧಾನ ಸಭೆಯಲ್ಲಿ ನೆಹರೂ ಕೊಟ್ಟ ಕಾರಣ ನಮ್ಮಂಥ ಬಟ್ಟೆ ಕೆಲಸದವರಿಗೆ ತಕ್ಷಣ ಅರ್ಥವಾಗುತ್ತದೆ. ರಾಟೆಗೆ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು, ಅಂದರೆ ನೂಲು ಸುತ್ತುವ ಕಡ್ಡಿ. ಬಾವುಟಕ್ಕೆ ಎರಡು ಮುಖ. ಚಕ್ರ ಕಂಬದ ಕಡೆಗೇ ಇರಬೇಕು, ಆದರೆ ಹಿಂಬದಿಯಿಂದ ನೋಡಿದರೆ ಕದಿರು ಉಲ್ಟಾ ಕಡೆಗೆ ಬಂದುಬಿಡುತ್ತದೆ. ಅದಕ್ಕೇ ರಾಟೆಯ ಚಕ್ರವನ್ನಷ್ಟೇ ಉಳಿಸಿಕೊಂಡು, ಅದಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರದ ರೂಪ ಕೊಟ್ಟರು. ನನ್ನ ಪ್ರಕಾರ ರಾಟೆ ಹೋಗಲಿಲ್ಲ, ಚಕ್ರದೊಳಗೇ ಇದೆ.

ಬಣ್ಣಗಳ ಅರ್ಥ ಎಲ್ಲರಿಗೂ ಬಾಯಿಪಾಠ. ಒಂದು ಮಾತು ಮಾತ್ರ ನೆನಪಿರಲಿ. ಯಾವ ಬಣ್ಣವೂ ಯಾವುದೋ ಒಂದು ಧರ್ಮದ್ದಲ್ಲ ಅಂತ ಕಾಂಗ್ರೆಸ್‌ನವರು 1931ರಲ್ಲೇ ಸ್ಪಷ್ಟವಾಗಿ ಹೇಳಿದ್ದರು. ಕೇಸರಿ ತ್ಯಾಗಕ್ಕೆ, ಹಸಿರು ನಮ್ಮ ಮಣ್ಣಿಗೆ ಮತ್ತು ಗಿಡಮರಕ್ಕೆ, ಚಕ್ರ ಚಲನೆಗೆ ಅಂತ ಆಮೇಲೆ ರಾಧಾಕೃಷ್ಣನ್ ವಿವರಿಸಿದರು.

ಅಳತೆಗೆ ಬರೋಣ. ಬಾವುಟದ ಉದ್ದ ಅಗಲ ಯಾವಾಗಲೂ 3:2. ಒಟ್ಟು ಒಂಬತ್ತು ಸೈಜುಗಳಿವೆ, 6300×4200 ಮಿಲಿಮೀಟರ್‌ನಿಂದ 150×100ರವರೆಗೆ. 900×600 ತಗೊಳ್ಳಿ, ಅಂದರೆ ಸುಮಾರು ಮೂರಡಿ ಎರಡಡಿ. ಬಿಳಿ ಪಟ್ಟಿ 200 ಮಿಲಿಮೀಟರ್, ಚಕ್ರ 185. ಮೇಲೆ ಕೆಳಗೆ ಏಳೂವರೆ ಮಿಲಿಮೀಟರ್ ಬಿಳಿ ಉಳಿಯಬೇಕು, ಅಷ್ಟೇ. ಬೀದಿಯಲ್ಲಿ ಮಾರುವ ಬಾವುಟಗಳಲ್ಲಿ ಚಕ್ರ ಪುಟ್ಟದಾಗಿ, ನಡುವೆ ಒಂದು ಗುಂಡಿ ಹೊಲಿದ ಹಾಗೆ ಕೂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ, ಅಂದರೆ ಬಾವುಟದ ನಿಯಮಗಳು, ತಿದ್ದುಪಡಿಯಾಗಿ ಪಾಲಿಯೆಸ್ಟರ್‌ಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಸಿಕ್ಕಿದೆ. ಮನೆಮನೆಗೂ ಬಾವುಟ ತಲುಪಿದ್ದು ಒಳ್ಳೆಯದೇ. ಆದರೂ ನನ್ನ ಮನಸ್ಸು ಖಾದಿಯ ಕಡೆಗೇ ಜಾಸ್ತಿ. ಧಾರವಾಡದ ಹತ್ತಿರದ ಗರಗದಲ್ಲಿ, ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ಬಾವುಟದ ಬಟ್ಟೆ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದಕ್ಕೆ ಎರಡೂ ಬದಿ ಚಕ್ರ ಅಚ್ಚು ಹಾಕಿ ಹೊಲಿಯುತ್ತಾರೆ. ಮೂರು ಪಟ್ಟಿಗೆ ಒಂದು ಥರದ ಬಟ್ಟೆ, ಹಗ್ಗ ತೂರಿಸುವ ಅಂಚಿಗೆ ಇನ್ನೊಂದು ಗಟ್ಟಿ ಬಟ್ಟೆ. ಗಾಳಿಯ ಎಳೆತವೆಲ್ಲ ಆ ಅಂಚಿಗೇ ಬೀಳುವುದು, ಅದು ತೆಳುವಾಗಿದ್ದರೆ ಬಾವುಟ ಬಾಳುವುದಿಲ್ಲ.

ಹೆಡ್‌ಮಾಸ್ಟರ್ ಆ ಬಾವುಟ ವಾಪಸ್ ಕೊಟ್ಟು ಬೇರೆ ತಂದರು. ಈ ಸಲ ಅಂಗಡಿ ಬಾಗಿಲಲ್ಲೇ ಬಿಸಿಲಿಗೆ ಹಿಡಿದು, ಅರಗಳನ್ನು ಒಂದೊಂದಾಗಿ ಎಣಿಸಿ ತಗೊಂಡರಂತೆ.