ಫೆಬ್ರವರಿಯ ಕೊಡಗು, ಆಗಸ್ಟಿನ ಕೊಡಗು

2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. ಹತ್ತು ವರ್ಷ ಕಳೆದು 2011ರಲ್ಲಿ ಎಣಿಸಿದಾಗ 5,54,519. ಒಂದಿಡೀ ದಶಕದಲ್ಲಿ ಹೆಚ್ಚಿದವರು ಆರು ಸಾವಿರಕ್ಕೂ ಕಡಿಮೆ, ಅಂದರೆ ಶೇ 1ರ ಆಸುಪಾಸು. ಅದೇ ಅವಧಿಯಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತ್ತು. ಇದಕ್ಕೊಂದು ಸುಲಭ ಸೂತ್ರವಿದೆ: 70ನ್ನು ವಾರ್ಷಿಕ ಬೆಳವಣಿಗೆಯ ಶೇಕಡಾವಾರಿನಿಂದ ಭಾಗಿಸಿದರೆ ಜನಸಂಖ್ಯೆ ಇಮ್ಮಡಿಯಾಗಲು ಎಷ್ಟು ವರ್ಷ ಬೇಕೆಂದು ತಿಳಿಯುತ್ತದೆ. ರಾಜ್ಯಕ್ಕೆ ಸುಮಾರು 48 ವರ್ಷ. ಕೊಡಗಿಗೆ ಆರು ಶತಮಾನಕ್ಕೂ ಹೆಚ್ಚು!

ಹಾಗಾದರೆ ಮಡಿಕೇರಿಗೋ ಕುಶಾಲನಗರಕ್ಕೋ ಇಪ್ಪತ್ತು ವರ್ಷದ ಯೋಜನೆ ಬರೆಯುವವರು ಕಾಲು ಚಾಚಿ ಕೂರಬಹುದೇ? ರಜೆಯ ದಿನ ಸಂಜೆ ಮಡಿಕೇರಿಯ ಪ್ರವಾಸಿ ತಾಣ ರಾಜಾಸೀಟ್ ಕಡೆಗೆ ಕಾರು ತಿರುಗಿಸಿದ ಯಾರೂ ಹೌದೆನ್ನಲಾರರು.

ಊರಿನ ಜನಸಂಖ್ಯೆಯ ಲೆಕ್ಕ ಮೇಲ್ನೋಟಕ್ಕೆ ಸರಳ. ಇದ್ದವರಿಗೆ ಹುಟ್ಟಿದವರನ್ನೂ ಬಂದು ನೆಲೆಸಿದವರನ್ನೂ ಕೂಡಿಸಿ, ಸತ್ತವರನ್ನೂ ಬಿಟ್ಟುಹೋದವರನ್ನೂ ಕಳೆದರೆ ಮುಗಿಯಿತು. ಹುಟ್ಟು ಸಾವುಗಳನ್ನು ಮುಂದಿನ ಹತ್ತಿಪ್ಪತ್ತು ವರ್ಷಕ್ಕೆ ಸಾಕಷ್ಟು ಖಚಿತವಾಗಿ ಅಂದಾಜಿಸಬಹುದು. ಜನಸಂಖ್ಯೆ ಕುಗ್ಗದೆ ನಿಲ್ಲಲು ಒಬ್ಬ ಮಹಿಳೆಗೆ ಸರಾಸರಿ 2.1 ಮಕ್ಕಳಾಗಬೇಕು, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅದು 1.7. ಲೆಕ್ಕ ಕೈಕೊಡುವುದು ವಲಸೆಯಲ್ಲಿ. ಬೆಂಗಳೂರಿಗೆ ಹೋದ ಇಪ್ಪತ್ತೈದರ ಹುಡುಗಿ ಲೆಕ್ಕದಿಂದ ಒಂದು ತಲೆಯನ್ನಷ್ಟೇ ಕಳೆಯುವುದಿಲ್ಲ, ಮುಂದಿನ ದಶಕದಲ್ಲಿ ಇಲ್ಲಿನ ಶಾಲೆಗೆ ಸೇರಬೇಕಿದ್ದ ಮಗುವನ್ನೂ ಕಳೆಯುತ್ತಾಳೆ. ಅದಕ್ಕೇ ಯೋಜಕರು ಒಟ್ಟು ಸಂಖ್ಯೆಯನ್ನು ಎಳೆದು ಉದ್ದ ಮಾಡುವ ಬದಲು ಐದೈದು ವರ್ಷದ ವಯೋಗುಂಪುಗಳನ್ನು ಒಂದೊಂದಾಗಿ ಮುಂದಕ್ಕೆ ಸರಿಸಿ ನೋಡುತ್ತಾರೆ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. 2011ರ ಗಣತಿಯ ತಲೆಯೆಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ರೊಬಸ್ಟಾ ಕಾಫಿಯ ಕೊಯ್ಲಿನ ಕಾಲ ಅದು. ತೋಟದ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳು ಹೊರಗಿನಿಂದ ಬಂದ ಕೆಲಸಗಾರರಿಂದ ತುಂಬಿರುತ್ತವೆ. ಈಚಿನ ವರ್ಷಗಳಲ್ಲಿ ಅಸ್ಸಾಂನಿಂದಲೂ ಬರುತ್ತಾರೆ. ಆಗಸ್ಟಿನಲ್ಲಿ ಜಡಿಮಳೆ ಹಿಡಿದಾಗ ಅದೇ ಲೈನಿನ ಅರ್ಧ ಬಾಗಿಲಿಗೆ ಬೀಗ. ಏಪ್ರಿಲ್-ಮೇನಲ್ಲಿ ಹೋಂಸ್ಟೇ, ರೆಸಾರ್ಟ್ ತುಂಬಿರುತ್ತವೆ. ಆ ಅತಿಥಿಗಳು ಇಲ್ಲಿನ ಯಾವ ಗಣತಿಯಲ್ಲೂ ಇಲ್ಲ. ಒಂದೇ ಜಿಲ್ಲೆ, ತಿಂಗಳಿಗೊಂದು ಜನಸಂಖ್ಯೆ.

ನೀರಿನ ಲೆಕ್ಕ ಮಾಡಿದರೆ ಇದು ಕಣ್ಣಿಗೆ ಹೊಡೆಯುತ್ತದೆ. 2011ರಲ್ಲಿ ಮಡಿಕೇರಿ ಪಟ್ಟಣದ ಜನಸಂಖ್ಯೆ 33,381. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಎಂಜಿನಿಯರುಗಳ ಮಾನದಂಡ. ಆ ಪ್ರಕಾರ ಬೇಕಾದದ್ದು ಸುಮಾರು 45 ಲಕ್ಷ ಲೀಟರ್. ಹೋಟೆಲಿನ ಹಾಸಿಗೆಯೊಂದಕ್ಕೆ ಮಾನದಂಡ 180 ಲೀಟರ್. ಊರಿನಲ್ಲಿ ಹತ್ತು ಸಾವಿರ ಹಾಸಿಗೆ ತುಂಬಿದವು ಎಂದುಕೊಳ್ಳಿ, ಬರೀ ಊಹೆಗೆ. ಇನ್ನೂ 18 ಲಕ್ಷ ಲೀಟರ್, ಅಂದರೆ ಶೇ 40ರಷ್ಟು ಹೆಚ್ಚು. ಪ್ರವಾಸಿಗರು ಮುಗಿಬೀಳುವ ಆ ಬೇಸಿಗೆಯಲ್ಲೇ ಊರಿಗೆ ನೀರು ಕೊಡುವ ಕೂಟುಹೊಳೆ ಸೊರಗಿರುತ್ತದೆ. ವರ್ಷದ ಸರಾಸರಿ ಹಿಡಿದು ಪೈಪು ಹಾಕಿದರೆ ಮೇ ತಿಂಗಳಲ್ಲಿ ನಲ್ಲಿ ಒಣಗುತ್ತದೆ.

ಊರಿನವರನ್ನು ಕೇಳಿ ಯೋಜನೆ ಮಾಡಬೇಕು ಎನ್ನುವುದನ್ನು ಪ್ರಜಾಪ್ರಭುತ್ವದ ಸೌಜನ್ಯ ಎಂದು ಹೇಳುವ ರೂಢಿ. ನನಗೆ ಅದು ಮಾಹಿತಿಯ ಪ್ರಶ್ನೆ. ಯಾವ ಲೈನ್ ಯಾವಾಗ ಖಾಲಿ, ಯಾವ ಮನೆಯಲ್ಲಿ ವಯಸ್ಸಾದ ದಂಪತಿ ಮಾತ್ರ, ಯಾವ ಗದ್ದೆ ಸದ್ಯದಲ್ಲೇ ಸೈಟಾಗಲಿದೆ ಎಂಬುದು ಉಪಗ್ರಹ ಚಿತ್ರಕ್ಕೆ ಕಾಣದು. ಅಂಗಡಿಯವನಿಗೆ, ಆಶಾ ಕಾರ್ಯಕರ್ತೆಗೆ ಗೊತ್ತು. 2018ರ ಆಗಸ್ಟಿನ ಭೂಕುಸಿತಗಳ ನಂತರ ಭೂವಿಜ್ಞಾನಿಗಳು ಬೊಟ್ಟು ಮಾಡಿದ ಕಾರಣಗಳಲ್ಲಿ ರಸ್ತೆಗೂ ಮನೆಗೂ ಗುಡ್ಡವನ್ನು ನೇರವಾಗಿ ಕಡಿದದ್ದೂ ಒಂದು. ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರು ಇಂಗಿ ಮಣ್ಣಿನ ರಂಧ್ರಗಳಲ್ಲಿ ಒತ್ತಡ ಏರಿದಂತೆ ಕಣಗಳ ನಡುವಿನ ಹಿಡಿತ ಸಡಿಲುತ್ತದೆ. ಹೊಸದಾಗಿ ಎಲ್ಲಿ ಒರತೆ ಒಡೆಯಿತು, ಯಾವ ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು, ಎಲ್ಲಿ ಮರ ವಾಲಿತು ಎಂಬುದನ್ನು ಅಲ್ಲಿ ದಿನಾ ಓಡಾಡುವವರು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಬಲ್ಲರು.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. 74ನೇ ತಿದ್ದುಪಡಿ ಸಂವಿಧಾನದಲ್ಲಿ ಜಿಲ್ಲಾ ಯೋಜನಾ ಸಮಿತಿಗೆ ಸ್ಥಾನ ಕೊಟ್ಟಿತು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರಿರಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ, ಯಾವ ಜಾಗ ಯಾವುದಕ್ಕೆಂದು ಗುರುತಿಸುವ ಮಾಸ್ಟರ್ ಪ್ಲಾನಿಗೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ತಕರಾರಿರುವುದು ಕೇಳುವ ಹೊತ್ತಿನ ಬಗ್ಗೆ. ನಕಾಶೆಗೆ ಬಣ್ಣ ಬಳಿದಾದ ಮೇಲೆ ಜನ ಹೇಳಬಹುದಾದದ್ದು ಆಕ್ಷೇಪಣೆ ಮಾತ್ರ, ಅದೂ ಹೆಚ್ಚಾಗಿ ತಮ್ಮ ಸರ್ವೆ ನಂಬರಿನ ಬಗ್ಗೆ. ಪಕ್ಕದ ಕೇರಳ 1996ರಲ್ಲಿ, ಊರಿನವರೇ ಕೂತು ಯೋಜನೆ ರೂಪಿಸುವ ಜನಕೀಯ ಯೋಜನೆ ಶುರುಮಾಡಿದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕೂ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಮೊದಲೇ ಎತ್ತಿಟ್ಟಿತು. ದುಡ್ಡಿದೆ ಎಂದು ಗೊತ್ತಾದರೆ ಸಭೆಯ ಮಾತೇ ಬೇರೆಯಾಗುತ್ತದೆ.

ಸಭೆ ಕರೆದರೆ ಸಾಕು ಎಂದೂ ಅಲ್ಲ. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ತೋಟದ ಮಾಲೀಕರು, ರೆಸಾರ್ಟಿನವರು, ನಿವೃತ್ತರು ಬರುತ್ತಾರೆ. ಬಂದರೆ ಆ ದಿನದ ಕೂಲಿ ಕಳೆದುಕೊಳ್ಳುವ ಲೈನ್ ಮನೆಯ ಹೆಂಗಸು ಬರುವುದಿಲ್ಲ. ಆಗ ಪ್ರವಾಸೋದ್ಯಮ ಬೇಕೇ ಬೇಡವೇ ಎಂಬ ಜಗಳ ಜೋರಾಗುತ್ತದೆ. ಬಾಡಿಗೆ ಮನೆ, ಸಂಜೆಯ ಬಸ್ಸು, ಹೆರಿಗೆ ಆಸ್ಪತ್ರೆಯ ಮಾತು ಏಳುವುದೇ ಇಲ್ಲ. ಮಡಿಕೇರಿಯಲ್ಲಾದರೆ ಶುಕ್ರವಾರದ ಸಂತೆಯಲ್ಲೇ ಒಂದು ಮೇಜು ಹಾಕಿ ಕೂತರೆ ಆ ಮಾತುಗಳೂ ಕಿವಿಗೆ ಬಿದ್ದಾವು.

ಮುಂದಿನ ಜನಗಣತಿಯ ತಲೆಯೆಣಿಕೆಯೂ ಫೆಬ್ರವರಿಯಲ್ಲೇ, 2027ರಲ್ಲಿ. ಕೊಡಗಿನ ಪಟ್ಟಣಗಳು ತಮ್ಮದೇ ಇನ್ನೆರಡು ಎಣಿಕೆ ಇಟ್ಟುಕೊಳ್ಳುವುದು ಒಳ್ಳೆಯದು, ಮೇ ತಿಂಗಳದೊಂದು, ಆಗಸ್ಟಿನದೊಂದು. ಮನೆಮನೆ ಸುತ್ತಬೇಕೆಂದೇನಿಲ್ಲ. ಪ್ರತಿ ವಾರ್ಡಿನಿಂದ ವಾರಕ್ಕೆ ಎಷ್ಟು ಟನ್ ಕಸ ಹೋಯಿತು, ಎಷ್ಟು ವಿದ್ಯುತ್ ಮೀಟರು ತಿರುಗದೆ ನಿಂತಿವೆ ಎಂಬುದನ್ನು ಪಕ್ಕಪಕ್ಕ ಇಟ್ಟರೆ ಅಂದಾಜು ಸಿಗುತ್ತದೆ. ಕಸದ ತೂಕ ಬರೆದಿಡಲು ಒಂದು ತಕ್ಕಡಿ, ಒಂದು ರಿಜಿಸ್ಟರು ಸಾಕು.