ಘಾಟಿ ರಸ್ತೆಗೆ ಹೊಂದುವ ಇಂಟರ್‌ಕೂಲರ್

ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳು. ಚಿಕ್ಕ ಟರ್ಬೊ ಪೆಟ್ರೋಲ್ ಕಾರನ್ನು ಸ್ವಲ್ಪ ಹುರುಪಿನಿಂದ ಹತ್ತಿಸಿದರೆ ಮೊದಲ ಮೂರು ನಾಲ್ಕು ತಿರುವು ದಾಟಿ ಕಾರು ಚಂಗನೆ ಮುಂದೆ ನುಗ್ಗುತ್ತದೆ. ಅರ್ಧ ಘಾಟಿ ಮುಗಿಯುವ ಹೊತ್ತಿಗೆ ಪಿಕಪ್ ಇಳಿದಿರುತ್ತದೆ. ಪೆಟ್ರೋಲ್ ಅದೇ, ಓಡಿಸುವವರೂ ಅವರೇ. ಎಂಜಿನ್ ಬಿಸಿ ತೋರಿಸುವ ಮುಳ್ಳು ಕೂಡ ಮಧ್ಯದಲ್ಲೇ ಇದೆ. ಬದಲಾಗಿರುವುದು ಎಂಜಿನ್ ಒಳಗೆ ಹೋಗುತ್ತಿರುವ ಗಾಳಿಯ ಉಷ್ಣತೆ. ಅದನ್ನು ತಣಿಸಬೇಕಾದ ಇಂಟರ್‌ಕೂಲರ್ ಸೋತಿದೆ.

ಆಗ ಬಹಳ ಜನರಿಗೆ ಹೊಳೆಯುವ ಪರಿಹಾರ ಒಂದೇ: ಕಂಪನಿ ಕೊಟ್ಟದ್ದನ್ನು ಕಿತ್ತು ದೊಡ್ಡದೊಂದನ್ನು ಹಾಕುವುದು. ನನ್ನ ಅಭಿಪ್ರಾಯದಲ್ಲಿ ಗಾತ್ರ ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಕಾರು ಓಡುವ ರಸ್ತೆ ಎಂಥದ್ದು, ಅಲ್ಲಿ ಇಂಟರ್‌ಕೂಲರ್‌ಗೆ ಗಾಳಿ ಎಲ್ಲಿಂದ ಬರುತ್ತದೆ ಎಂಬುದು. ಮಲೆನಾಡಿನ ರಸ್ತೆಗೆ ಇದರ ಉತ್ತರ ಬಯಲುಸೀಮೆಯ ಹೈವೇಗಿಂತ ಬೇರೆಯೇ ಬರುತ್ತದೆ.

ಮೊದಲು ಬಿಸಿಯ ಲೆಕ್ಕ. ಟರ್ಬೊ ಅಂದರೆ ಎಂಜಿನ್ ಹೊಗೆಯ ರಭಸದಿಂದ ತಿರುಗುವ ಒಂದು ಚಕ್ರ. ಅದೇ ಕಂಬಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಇದರಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. 30 ಡಿಗ್ರಿಯ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡಿದರೆ, ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದಲ್ಲೂ ಅದು 96 ಡಿಗ್ರಿ ಮುಟ್ಟುತ್ತದೆ. ನಿಜವಾದ ಟರ್ಬೊ ಅಷ್ಟು ಸಮರ್ಥವಲ್ಲ. ಶೇಕಡ 70ರ ದಕ್ಷತೆ ಅಂತ ಹಿಡಿದರೆ ಹೊರಬರುವ ಗಾಳಿ ಸುಮಾರು 125 ಡಿಗ್ರಿ. ಕುದಿಯುವ ನೀರಿಗಿಂತ ಬಿಸಿ.

ಬಿಸಿ ಗಾಳಿಯಿಂದ ಎರಡು ತೊಂದರೆ. ಒಂದು, ಅದು ತೆಳ್ಳಗಿರುತ್ತದೆ. ಅಷ್ಟೇ ಜಾಗದಲ್ಲಿ ಕಡಿಮೆ ಆಮ್ಲಜನಕ. ಎರಡನೆಯದು ಇನ್ನೂ ಕೆಟ್ಟದ್ದು. ಸಿಲಿಂಡರ್‌ನಲ್ಲಿ ಪೆಟ್ರೋಲ್ ಕಿಡಿಯಿಂದ ಕ್ರಮವಾಗಿ ಉರಿಯುವ ಬದಲು ಮೂಲೆಯಲ್ಲಿ ತಾನಾಗಿಯೇ ಸಿಡಿಯುತ್ತದೆ. ಇದೇ ನಾಕಿಂಗ್. ಪಿಸ್ಟನ್ ಒಡೆಯುವಷ್ಟು ಕೆಟ್ಟ ಕಾಯಿಲೆ ಇದು. ಈಗಿನ ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ನಾಕಿಂಗ್ ಸದ್ದು ಕೇಳಿಸಿಕೊಂಡ ತಕ್ಷಣ ಕಿಡಿ ಹಚ್ಚುವುದನ್ನು ತುಸು ತಡಮಾಡುತ್ತದೆ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಇಳಿಸುತ್ತದೆ. ಎಂಜಿನ್ ಉಳಿಯುತ್ತದೆ, ಪಿಕಪ್ ಹೋಗುತ್ತದೆ. ಆಗುಂಬೆಯ ಅರ್ಧ ದಾರಿಯಲ್ಲಿ ಆಗುವುದು ಬಹುಪಾಲು ಇದೇ.

ಇಂಟರ್‌ಕೂಲರ್ ಈ ಬಿಸಿಯನ್ನು ಮಧ್ಯದಲ್ಲೇ ತೆಗೆಯುತ್ತದೆ. ಒಳಗಡೆ ಒತ್ತಿದ ಬಿಸಿ ಗಾಳಿ, ಹೊರಗಡೆ ಬಂಪರ್‌ನಿಂದ ನುಗ್ಗುವ ತಂಪು ಗಾಳಿ, ನಡುವೆ ತೆಳು ಅಲ್ಯೂಮಿನಿಯಂ. ಗಾಳಿಯ ಬದಲು ನೀರಿನಿಂದ ತಣಿಸುವ ಬಗೆಯೂ ಇದೆ, ಫೋಕ್ಸ್‌ವ್ಯಾಗನ್‌ನ ಕೆಲವು ಟಿಎಸ್‌ಐ ಎಂಜಿನ್‌ಗಳಲ್ಲಿ ಅದನ್ನು ಇನ್‌ಟೇಕ್ ಒಳಗೇ ಕೂರಿಸಿದ್ದಾರೆ. ಇಲ್ಲಿ ಮಾತಾಡುತ್ತಿರುವುದು ಗಾಳಿಯಿಂದ ತಣಿಯುವ ಬಗೆಯ ಬಗ್ಗೆ. ಹೊರಗಿನ ಗಾಳಿಗಿಂತ ಹೆಚ್ಚಿರುವ ಬಿಸಿಯಷ್ಟನ್ನೇ ತೆಗೆಯಬಹುದು, ಅದರಲ್ಲಿ ಶೇಕಡ 70ರಷ್ಟನ್ನು ತೆಗೆದರೆ 125 ಡಿಗ್ರಿಯ ಗಾಳಿ 59ಕ್ಕೆ ಇಳಿಯುತ್ತದೆ. ಆ ಗಾಳಿ ಸುಮಾರು ಶೇಕಡ 20 ಹೆಚ್ಚು ಸಾಂದ್ರ. 120 ಎಚ್‌ಪಿಯ ಎಂಜಿನ್ ಪೂರ್ತಿ ದುಡಿಯುವಾಗ ಸೆಕೆಂಡಿಗೆ ಸುಮಾರು 90 ಗ್ರಾಂ ಗಾಳಿ ಬೇಕು. ಅದನ್ನು 66 ಡಿಗ್ರಿ ಇಳಿಸಲು 6 ಕಿಲೋವ್ಯಾಟ್ ಬಿಸಿಯನ್ನು ಹೊರಹಾಕಬೇಕು. ಮನೆಯ ಮೂರು ಗೀಸರ್‌ಗಳು ಒಟ್ಟಿಗೆ ಕೊಡುವಷ್ಟು ಬಿಸಿ, ಬಂಪರ್ ಹಿಂದಿನ ಒಂದು ಅಂಗೈ ದಪ್ಪದ ಪೆಟ್ಟಿಗೆಯಿಂದ!

ಬೆಟ್ಟದಲ್ಲಿ ಹವೆ ತಂಪು, ಹಾಗಾಗಿ ಈ ಕೆಲಸ ಸುಲಭ ಅಂತ ಅನ್ನಿಸಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 80 ಮಾತ್ರ. ಎಂಜಿನ್‌ಗೆ ಅದೇ ಒತ್ತಡದ ಗಾಳಿ ಕೊಡಬೇಕಾದರೆ ಟರ್ಬೊ ಎರಡು ಪಟ್ಟಲ್ಲ, ಎರಡೂವರೆ ಪಟ್ಟು ಒತ್ತಬೇಕು. 20 ಡಿಗ್ರಿಯ ತಂಪು ಗಾಳಿಯಿಂದ ಶುರು ಮಾಡಿದರೂ ಹೊರಬರುವ ಗಾಳಿ 145 ಡಿಗ್ರಿ ಮುಟ್ಟುತ್ತದೆ. ಕರಾವಳಿಯ ಸೆಕೆಯಲ್ಲಿ ಬರುವುದಕ್ಕಿಂತ ಜಾಸ್ತಿ! ತಣಿಸಲು ಬರುವ ಹೊರಗಿನ ಗಾಳಿಯೂ ಅಲ್ಲಿ ತೆಳು.

ಟರ್ಬೊ ಕತೆ ಬೆಟ್ಟದೊಂದಿಗೆ ಹೆಣೆದುಕೊಂಡದ್ದು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. 1918ರಲ್ಲಿ ಎಂಜಿನಿಯರ್ ಸ್ಯಾನ್‌ಫೋರ್ಡ್ ಮಾಸ್ ವಿಮಾನದ ಎಂಜಿನ್ ಒಂದಕ್ಕೆ ಟರ್ಬೊ ಜೋಡಿಸಿ, ಅಮೆರಿಕದ 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದರು. ಕಾರುಗಳಿಗೆ ಟರ್ಬೊ ಬಂದದ್ದು 1962ರಲ್ಲಿ. ಆ ವರ್ಷದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ಇಂಟರ್‌ಕೂಲರ್ ಇರಲಿಲ್ಲ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸುತ್ತಿದ್ದರು. ಪೋರ್ಷೆ ತನ್ನ 911 ಟರ್ಬೊಗೆ ಇಂಟರ್‌ಕೂಲರ್ ಕೊಟ್ಟದ್ದು 1978ರಲ್ಲಿ.

ಈಗ ಘಾಟಿಗೆ ಬರೋಣ. 1,200 ಕೆಜಿಯ ಕಾರು ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಧಾನಕ್ಕೆ ಹತ್ತಲು ಬೇಕಾದ ಶಕ್ತಿ ಎಷ್ಟು? ಸುಮಾರು 12 ಎಚ್‌ಪಿ, ಅಷ್ಟೇ. ಮನೆಯವರನ್ನು ಕೂರಿಸಿಕೊಂಡು ಸುಮ್ನೆ ಹತ್ತುವ ಕಾರಿಗೆ ಇಂಟರ್‌ಕೂಲರ್‌ನ ಚಿಂತೆಯೇ ಬೇಡ. ಅದೇ ಏರಿನಲ್ಲಿ 16 ಟನ್ನಿನ ಲಾರಿ ಗಂಟೆಗೆ 20 ಕಿಲೋಮೀಟರಿನಲ್ಲಿ ತೆವಳಲು ಸುಮಾರು 100 ಎಚ್‌ಪಿ ಬೇಕು. ಹುಲಿಕಲ್ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಆ ಎಂಜಿನ್ ಪಡುವ ಪಾಡು ಗೊತ್ತು. ಲಾರಿಗೆ ಎದುರುಗಾಳಿ ಇಲ್ಲ, ಬೂಸ್ಟ್ ಮಾತ್ರ ಪೂರ್ತಿ, ಅದೂ ಹತ್ತಾರು ನಿಮಿಷ. ಅದಕ್ಕೇ ಲಾರಿಯಲ್ಲಿ ಎಂಜಿನ್ನೇ ತಿರುಗಿಸುವ ದೊಡ್ಡ ಫ್ಯಾನ್ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ಎರಡರ ಮೂಲಕವೂ ಗಾಳಿ ಎಳೆಯುತ್ತದೆ.

ಆಟೋಕ್ರಾಸ್ ಅಥವಾ ಹಿಲ್ ಕ್ಲೈಂಬ್ ಸ್ಪರ್ಧೆಯ ಕಾರಿನ ಸ್ಥಿತಿ ಇವೆರಡರ ಥರವೂ ಅಲ್ಲ. ತಿರುವಿನಿಂದ ಹೊರಬಂದು ಎಂಟು ಹತ್ತು ಸೆಕೆಂಡ್ ಪೂರ್ತಿ ಆಕ್ಸಿಲರೇಟರ್, ಮತ್ತೆ ಬ್ರೇಕ್, ಮತ್ತೆ ನಿಧಾನ. ಬಿಸಿ ತುಂಡುತುಂಡಾಗಿ ಬರುತ್ತದೆ. 6 ಕಿಲೋವ್ಯಾಟ್ ಬಿಸಿ 10 ಸೆಕೆಂಡ್ ಬಂದರೆ 60 ಕಿಲೋಜೂಲ್. ಅಷ್ಟನ್ನೂ 3 ಕೆಜಿ ಅಲ್ಯೂಮಿನಿಯಂ ಹೀರಿಕೊಂಡರೆ ಅದರ ಉಷ್ಣತೆ 22 ಡಿಗ್ರಿ ಏರುತ್ತದೆ. 1.5 ಕೆಜಿಯ ಹಗುರ ಕೋರ್ (ಇಂಟರ್‌ಕೂಲರ್‌ನ ತಣಿಸುವ ಒಡಲು) ಆಗಿದ್ದರೆ 44 ಡಿಗ್ರಿ. ಅಂದರೆ ಘಾಟಿಯಲ್ಲಿ ಲೋಹದ ತೂಕವೇ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ, ಮುಂದಿನ ತಿರುವಿಗೆ ಮೊದಲು ಆ ಬಿಸಿಯನ್ನು ಹೊರಗೆ ಚೆಲ್ಲುವುದು. ಅದಾಗದಿದ್ದರೆ ಪ್ರತಿ ತಿರುವಿನಲ್ಲೂ ಹಳೆ ಬಿಸಿಯ ಮೇಲೆ ಹೊಸ ಬಿಸಿ ಸೇರುತ್ತಾ ಹೋಗುತ್ತದೆ.

ಚೆಲ್ಲುವುದಕ್ಕೆ ಗಾಳಿ ಬೇಕು. ಗಂಟೆಗೆ 25 ಕಿಲೋಮೀಟರ್ ಅಂದರೆ ಸೆಕೆಂಡಿಗೆ 7 ಮೀಟರ್. ಆದರೆ ಎದುರು ಬರುವ ಗಾಳಿಯೆಲ್ಲ ಕೋರ್ ಒಳಗೆ ಹೋಗುವುದಿಲ್ಲ. ಸಂದಿ ಇದ್ದರೆ ಪಕ್ಕದಿಂದ, ಮೇಲಿಂದ, ಕೆಳಗಿಂದ ಜಾರಿಕೊಳ್ಳುತ್ತದೆ. ಒಳಗೆ ಹೋಗುವ ಗಾಳಿಯ ವೇಗ ಕಾರಿನ ವೇಗದ ಕಾಲು ಭಾಗ ಇದ್ದರೂ ಒಳ್ಳೆಯದೇ. ನಮ್ಮಲ್ಲಿ ಸಾವಿರಾರು ರೂಪಾಯಿ ಕೊಟ್ಟು ದೊಡ್ಡ ಕೋರ್ ಹಾಕಿಸಿ, ಬಂಪರ್ ಮತ್ತು ಕೋರ್ ನಡುವೆ ಒಂದು ತಗಡಿನ ದಾರಿಯನ್ನೂ ಮಾಡಿಸದೆ ಬಿಟ್ಟ ಕಾರುಗಳು ಬೇಕಾದಷ್ಟಿವೆ. ಅದನ್ನು ನೋಡಿದಾಗ ನನಗೆ ನಿಜವಾಗಿ ಬೇಜಾರಾಗುತ್ತದೆ. ಬಂಪರ್ ತೂತಿನಿಂದ ಕೋರ್‌ವರೆಗೆ ತೆಳು ತಗಡಿನ ಡಕ್ಟ್, ಅಂಚಿಗೆ ಫೋಮ್ ಪಟ್ಟಿ. ಇಷ್ಟಕ್ಕೆ ಆಗುವ ಖರ್ಚು ಕಡಿಮೆ, ಲಾಭ ದೊಡ್ಡದು. ಹಿಂದೆ ಗಾಳಿ ಹೊರಗೆ ಹೋಗಲೂ ದಾರಿ ಇರಬೇಕು, ಇಲ್ಲದಿದ್ದರೆ ಮುಂದಿನಿಂದ ಒಳಗೆ ಬರುವುದೇ ಇಲ್ಲ.

ಕೋರ್ ಆಯ್ಕೆಗೂ ಇದೇ ಯೋಚನೆ. ದಪ್ಪ ಹೆಚ್ಚಿಸುವುದಕ್ಕಿಂತ ಎದುರಿನ ಅಗಲ ಎತ್ತರ ಹೆಚ್ಚಿಸುವುದು ಮೇಲು. ದಪ್ಪ ಕೋರ್‌ನ ಹಿಂಭಾಗಕ್ಕೆ ತಲುಪುವಾಗ ಗಾಳಿ ಆಗಲೇ ಬಿಸಿಯಾಗಿರುತ್ತದೆ, ಅದು ಇನ್ನೇನು ತಣಿಸೀತು? ಚಪ್ಪಟೆ ಕೊಳವೆಗಳ ನಡುವೆ ಫಿನ್ ಎಂಬ ತೆಳು ಲೋಹದ ಮಡಿಕೆಗಳಿರುವ ಟ್ಯೂಬ್ ಆಂಡ್ ಫಿನ್ ಕೋರ್ ಹಗುರ, ಬೇಗ ತಣಿಯುತ್ತದೆ. ಲೋಹದ ಪಟ್ಟಿ, ಹಾಳೆಗಳನ್ನು ಪೇರಿಸಿ ಮಾಡುವ ಬಾರ್ ಆಂಡ್ ಪ್ಲೇಟ್ ಭಾರ, ಗಟ್ಟಿ, ಕಲ್ಲೇಟು ತಡೆಯುತ್ತದೆ. ಘಾಟಿಗೆ, ಮಣ್ಣಿನ ಟ್ರ್ಯಾಕ್‌ಗೆ ನಾನು ಬಾರ್ ಆಂಡ್ ಪ್ಲೇಟ್ ಕಡೆಗೇ ವಾಲುತ್ತೇನೆ. ಹೊರಗಿನ ಫಿನ್‌ಗಳು ಒತ್ತೊತ್ತಾಗಿದ್ದಷ್ಟೂ ತಣಿಸುವ ಮೈ ಜಾಸ್ತಿ, ನಿಜ. ಆದರೆ ಮಲೆನಾಡಿನ ಕೆಂಪು ಕೆಸರು ಮತ್ತು ಜೂನ್ ಸಂಜೆಯ ಮಳೆಹುಳಗಳ ಎದುರು ಒತ್ತು ಫಿನ್ ಬಾಳುವುದಿಲ್ಲ. ಸ್ವಲ್ಪ ಬಿಡುವಿನ ಫಿನ್ ಇರಲಿ. ತೊಳೆಯುವಾಗ ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರು. ಪ್ರೆಷರ್ ವಾಷರ್ ಹಿಡಿದರೆ ಫಿನ್ ಮಡಚಿಕೊಳ್ಳುತ್ತವೆ.

ಒಳಗಡೆಯೂ ಒಂದು ಜಗ್ಗಾಟ ಇದೆ. ಕೊಳವೆಯೊಳಗಿನ ಫಿನ್‌ಗಳು ಗಾಳಿಯನ್ನು ಕಲಕಿ ಲೋಹಕ್ಕೆ ತಾಗಿಸುತ್ತವೆ. ಕಲಕಿದಷ್ಟೂ ಒತ್ತಡ ನಷ್ಟ. ಪೂರ್ತಿ ಬೂಸ್ಟ್‌ನಲ್ಲಿ ಒಳಬರುವ ಮತ್ತು ಹೊರಹೋಗುವ ಒತ್ತಡದ ವ್ಯತ್ಯಾಸ 1 ಪಿಎಸ್‌ಐ ಆಸುಪಾಸು ಇದ್ದರೆ ಚೆನ್ನ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಟರ್ಬೊ ಆ ನಷ್ಟ ತುಂಬಲು ಇನ್ನಷ್ಟು ಒತ್ತುತ್ತದೆ, ಗಾಳಿ ಇನ್ನಷ್ಟು ಬಿಸಿಯಾಗುತ್ತದೆ. ಕೋರ್‌ನ ಎರಡು ತುದಿಗೆ ಪೈಪನ್ನು ಕೊಳವೆಗಳಿಗೆ ಸೇರಿಸುವ ಟ್ಯಾಂಕ್‌ಗಳ ಆಕಾರವೂ ಮುಖ್ಯ. ರಭಸದಿಂದ ಬಂದ ಗಾಳಿ ನೇರ ಎದುರಿಗಿನ ಕೊಳವೆಗಳಿಗೇ ನುಗ್ಗುತ್ತದೆ, ಮೂಲೆಯ ಕೊಳವೆಗಳು ಖಾಲಿ ಕೂರುತ್ತವೆ. ಟ್ಯಾಂಕನ್ನು ಇಳಿಜಾರಾಗಿ ಕಿರಿದು ಮಾಡುತ್ತಾ ಹೋದರೆ ಗಾಳಿ ಹಂಚಿಕೆಯಾಗುತ್ತದೆ. ಗಾಳಿಯ ಹರಿವನ್ನು ಲೆಕ್ಕಹಾಕುವ ಓಪನ್‌ಫೋಮ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಇದನ್ನು ಮೊದಲೇ ನೋಡಬಹುದು.

ಇನ್ನು ಲ್ಯಾಗ್, ಅಂದರೆ ಆಕ್ಸಿಲರೇಟರ್ ತುಳಿದ ಮೇಲೆ ಬೂಸ್ಟ್ ಬರಲು ಆಗುವ ತಡ. 1 ಲೀಟರ್ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ನುಂಗುತ್ತದೆ. ಹೊಸ ಕೋರ್, ಪೈಪ್ ಸೇರಿ 5 ಲೀಟರ್ ಜಾಗ ಹೆಚ್ಚಾದರೆ ಅದನ್ನು ತುಂಬಲು ಸೆಕೆಂಡಿನ ಹತ್ತನೇ ಒಂದೆರಡು ಭಾಗ ಬೇಕು. ಹೈವೇಯಲ್ಲಿ ಇದು ಗೊತ್ತಾಗುವುದೇ ಇಲ್ಲ. 14 ತಿರುವಿನಲ್ಲಿ 14 ಸಲ ಗೊತ್ತಾಗುತ್ತದೆ. ಪೈಪ್ ಗಿಡ್ಡ ಇರಲಿ.

ತಯಾರಿಕೆಯ ವಿಷಯದಲ್ಲಿ ಶಿವಮೊಗ್ಗದವರಿಗೆ ಅನುಕೂಲವಿದೆ. ಇದು ಫೌಂಡ್ರಿ ಮತ್ತು ಮೆಷೀನ್ ಶಾಪ್‌ಗಳ ಊರು, ಪಕ್ಕದಲ್ಲೇ ಭದ್ರಾವತಿ. ಕೋರ್ ಮಾತ್ರ ಕೊಂಡು ತರುವುದೇ ಸರಿ. ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಲೇಪನ ಇರುವ ಹಾಳೆಗಳನ್ನು ಜೋಡಿಸಿ, ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ ಸುಮಾರು 600 ಡಿಗ್ರಿಗೆ ಕಾಯಿಸುತ್ತಾರೆ. ಲೇಪನ ಕರಗುತ್ತದೆ, ಒಳಗಿನ ಹಾಳೆ ಕರಗುವುದಿಲ್ಲ. ಎರಡರ ನಡುವಿನ ಅಂತರ ಕೆಲವೇ ಹತ್ತು ಡಿಗ್ರಿ. ಇದು ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ. ಟ್ಯಾಂಕ್, ಬ್ರಾಕೆಟ್, ಪೈಪ್ ಎಲ್ಲ ಇಲ್ಲೇ ಆಗುತ್ತದೆ. ಕೈ ಪಳಗಿದ ಆರ್ಗಾನ್ ವೆಲ್ಡರ್ ಸಿಗಬೇಕು, ಯಾಕೆಂದರೆ ತೆಳು ಅಲ್ಯೂಮಿನಿಯಂ ಕ್ಷಣದಲ್ಲಿ ತೂತಾಗುತ್ತದೆ. ಆಮೇಲೆ ಬಾಯಿ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಗಾಳಿ ತುಂಬಿ ಗುಳ್ಳೆ ಬರುತ್ತದಾ ನೋಡಬೇಕು. ಜಾಗ ಸಾಲದೆಂದು ಬಂಪರ್ ಹಿಂದಿನ ಕ್ರ್ಯಾಶ್ ಬೀಮ್ ಕತ್ತರಿಸುವವರಿದ್ದಾರೆ. ಅದನ್ನು ಯಾವ ಕಾರಣಕ್ಕೂ ಮಾಡಬಾರದು. ಅಪಘಾತದಲ್ಲಿ ಜೀವ ಉಳಿಸುವ ಭಾಗ ಅದು.

ಮಳೆಗಾಲ ಇನ್ನೊಂದು ಪಾಠ ಹೇಳುತ್ತದೆ, ಇದನ್ನು ಒಣ ಊರಿನಲ್ಲಿ ಕಲಿಯಲಾಗದು. ಜುಲೈಯಲ್ಲಿ ಆಗುಂಬೆಯ 25 ಡಿಗ್ರಿಯ ಗಾಳಿ ತೇವದಿಂದ ಹೆಚ್ಚುಕಡಿಮೆ ತುಂಬಿರುತ್ತದೆ. ಅದನ್ನು ಎರಡು ಪಟ್ಟು ಒತ್ತಿದರೆ ನೀರಾವಿಯ ಒತ್ತಡವೂ ಎರಡು ಪಟ್ಟು. ಆಗ 36-37 ಡಿಗ್ರಿಗಿಂತ ಕೆಳಗೆ ತಣಿಸಿದರೆ ಇಂಟರ್‌ಕೂಲರ್ ಒಳಗೇ ನೀರು ಇಳಿಯುತ್ತದೆ. ಅತಿ ದೊಡ್ಡ ಕೋರ್, ಮೇಲೆ ಮಳೆನೀರು, ಸಮವೇಗದ ಓಟ: ಈ ಮೂರೂ ಸೇರಿದರೆ ಅಷ್ಟು ತಣಿಯುವುದು ಸಾಧ್ಯ. ಟ್ಯಾಂಕಿನ ತಳದಲ್ಲಿ ನಿಂತ ನೀರು ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಎಂಜಿನ್‌ಗೆ ಹಾರಿದರೆ ಕಾರು ತಡವರಿಸುತ್ತದೆ. ಅಮೆರಿಕದಲ್ಲಿ 2011ರಿಂದ ಬಂದ ಫೋರ್ಡ್ ಎಫ್-150 ಇಕೋಬೂಸ್ಟ್ ಪಿಕಪ್ ವಾಹನಗಳಲ್ಲಿ ತೇವದ ಹವೆಯಲ್ಲಿ ಇಂಥದೇ ತೊಂದರೆ ಕಾಣಿಸಿಕೊಂಡಿತ್ತು. ಹಾಗಾಗಿ ಟ್ಯಾಂಕಿನ ಅತಿ ತಗ್ಗಿನ ಜಾಗದಲ್ಲಿ ಬಿಚ್ಚಿ ನೀರು ಇಳಿಸಬಹುದಾದ ಒಂದು ಸ್ಕ್ರೂ ಇರಲಿ. ಮಲೆನಾಡಿಗೆ ಅತಿ ದೊಡ್ಡ ಕೋರ್ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಹೊರಗಿನ ನೀರು ಮಾತ್ರ ಒಳ್ಳೆಯ ಗೆಳೆಯ. 1 ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ನಮ್ಮ ಹತ್ತು ಸೆಕೆಂಡಿನ 60 ಕಿಲೋಜೂಲ್ ಬಿಸಿಯನ್ನು ಹೀರಲು 25 ಮಿಲಿಲೀಟರ್ ಆವಿಯಾದರೆ ಸಾಕು. ಸುಬಾರು ಇಂಪ್ರೆಜಾ ಎಸ್‌ಟಿಐ ಕಾರುಗಳಿಗೆ ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸುವ ವ್ಯವಸ್ಥೆ ಕಂಪನಿಯಿಂದಲೇ ಬರುತ್ತಿತ್ತು. ತೇವದ ಹವೆಯಲ್ಲಿ ನೀರು ಆರುವುದಿಲ್ಲ ಅಲ್ವಾ, ಅಂತ ಕೇಳಬಹುದು. ಬಿಸಿ ಫಿನ್‌ಗಳ ನಡುವೆ ಆರುತ್ತದೆ. ಅಲ್ಲಿ ಗಾಳಿ ಕಾಯುತ್ತಿದ್ದಂತೆ ಅದಕ್ಕೆ ಇನ್ನಷ್ಟು ಆವಿ ಹಿಡಿಯುವ ಶಕ್ತಿ ಬರುತ್ತದೆ.

ಕೊನೆಗೆ ಅಳತೆ. ಪಿಕಪ್ ಚೆನ್ನಾಗಾಯಿತು ಅನ್ನುವುದು ಅಳತೆಯಲ್ಲ. ಇಂಟರ್‌ಕೂಲರ್‌ಗೆ ಮುಂಚೆ ಒಂದು, ನಂತರ ಒಂದು ಉಷ್ಣತೆ ಅಳೆಯುವ ಥರ್ಮೋಕಪಲ್, ಹೊರಗಿನ ಹವೆಗೆ ಇನ್ನೊಂದು, ಎರಡೂ ಬದಿಗೆ ಒತ್ತಡದ ಸೆನ್ಸರ್. ಇವನ್ನು ಹಾಕಿ ಮುಚ್ಚಿದ ಟ್ರ್ಯಾಕ್‌ನಲ್ಲೋ, ಅನುಮತಿ ಪಡೆದ ಎಸ್ಟೇಟ್ ರಸ್ತೆಯಲ್ಲೋ ಓಡಿಸಬೇಕು. ಬಸ್ಸು, ಬೈಕು, ಶಾಲೆ ಮಕ್ಕಳು ಓಡಾಡುವ ಘಾಟಿಯಲ್ಲಿ ಖಂಡಿತ ಅಲ್ಲ. ನೋಡಬೇಕಾದದ್ದು ಒಂದು ಓಟದ ಅತಿ ಕಡಿಮೆ ಉಷ್ಣತೆಯನ್ನಲ್ಲ. ಬಿಡುವಿಲ್ಲದೆ ಎಂಟು ಹತ್ತು ಸಲ ವೇಗ ಏರಿಸಿ ಇಳಿಸಿದ ಮೇಲೆ, ಕೊನೆಯ ಸಲದ ಉಷ್ಣತೆ ಮೊದಲ ಸಲಕ್ಕಿಂತ ಎಷ್ಟು ಮೇಲಿದೆ ಅನ್ನುವುದನ್ನು. ಆ ವ್ಯತ್ಯಾಸ ಏರುತ್ತಲೇ ಹೋದರೆ ಡಕ್ಟ್ ನೋಡಿ. ಎರಡು ಮೂರು ಸಲದ ನಂತರ ಒಂದೇ ಮಟ್ಟದಲ್ಲಿ ನಿಂತರೆ ಕೋರ್ ಸಾಕು. ಇದೇ ಪರೀಕ್ಷೆಯನ್ನು ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಇನ್ನೊಮ್ಮೆ ಮಾಡಬೇಕು. ಮಳೆಯ ಓಟ ಮುಗಿದ ಕೂಡಲೇ ಆ ತಳದ ಸ್ಕ್ರೂ ಬಿಚ್ಚಿ, ಎಷ್ಟು ನೀರು ಬಂತು ಅಂತ ಅಳೆದು ಬರೆದಿಡಬೇಕು.